ಹಚ್ಚೆ: ಚಿತ್ರದಲ್ಲಿ ಉಳಿಸಿ, ಸೂಜಿಯಲ್ಲಿ ಬೇಡ

ಹೆಗಡೆಕಟ್ಟಾದಿಂದ ಶಿರಸಿಗೆ ಹೊರಡುವ ಬೆಳಗಿನ ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದ ಕೈಗಳನ್ನು ಒಮ್ಮೆ ನೋಡಿ. ಅಜ್ಜಿಯ ಮುಂಗೈ ಮೇಲೆ ಮಾಸಿದ ಹಸಿರು ಚುಕ್ಕಿ. ಪಕ್ಕದಲ್ಲಿ ಕಾಲೇಜು ಹುಡುಗನ ಮಣಿಕಟ್ಟಿನ ಮೇಲೆ ‘ಅಮ್ಮ’. ಅವನ ಹಿಂದೆ ಗ್ಯಾರೇಜಿನ ಹುಡುಗನ ತೋಳಿನಲ್ಲಿ ತ್ರಿಶೂಲ. ಹಚ್ಚೆ ಹೋಗಿ ಟ್ಯಾಟೂ ಬಂತು ಅಂತಾರೆ ಜನ. ಬದಲಾದದ್ದು ಹೆಸರು. ಚುಚ್ಚುವುದು ಸೂಜಿಯೇ, ಬರುವುದು ರಕ್ತವೇ.

ಹಾಕಿಸಿಕೊಳ್ಳಿ, ಬೇಡಿ ಅಂತ ಉಪದೇಶ ಮಾಡುವುದು ಈ ಅಂಕಣದ ಕೆಲಸವಲ್ಲ. ಮೈ ನಿಮ್ಮದು, ಕಾಸು ನಿಮ್ಮದು. ನಮ್ಮ ತಕರಾರು ರೇಟಿನ ಮೇಲೆ. ಹಚ್ಚೆ ಹಾಕುವವನ ಮುಂದೆ ನಿಂತಾಗ ನಮ್ಮವರ ಬಾಯಿಂದ ಬರುವ ಮೊದಲ ಮಾತು “ಎಷ್ಟಾಗ್ತದೆ?”, ಎರಡನೇ ಮಾತು “ಕಮ್ಮಿ ಮಾಡು ಮಾರಾಯ.” ಮೂರನೇ ಮಾತು ಇಲ್ಲ, ಕೈ ಚಾಚಿಬಿಡುತ್ತಾರೆ. “ಸೂಜಿ ಹೊಸದೋ?” ಅಂತ ಕೇಳುವವರು ಅಪರೂಪ.

ಅಗ್ಗ ಆಗುವುದು ಹೇಗೆ?

ಅಂಗಡಿಕಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಾಲು ಅಗ್ಗವಾಯಿತು ಅಂದರೆ ಎಲ್ಲೋ ಏನೋ ಕಡಿಮೆಯಾಗಿದೆ ಅಂತಲೇ ಅರ್ಥ. ಹಚ್ಚೆಯವನಿಗೆ ಮಶಿನ್ ಒಂದು ಸಲದ ಖರ್ಚು. ಗಿರಾಕಿಯಿಂದ ಗಿರಾಕಿಗೆ ಬೀಳುವ ಖರ್ಚು ಮೂರೇ: ಹೊಸ ಸೂಜಿ, ಹೊಸ ಕೈಗವಸು, ಚಿಕ್ಕ ಬಟ್ಟಲಿಗೆ ಸುರಿದ ಹೊಸ ಶಾಯಿ. ನೀವು ಚೌಕಾಸಿ ಮಾಡಿ ಇಳಿಸಿದ ರೂಪಾಯಿ ಈ ಮೂರರಲ್ಲೇ ಕಡಿತವಾಗುವ ಅಪಾಯವಿದೆ. ಹಿಂದಿನವನ ಕೈಗೆ ಚುಚ್ಚಿದ ಸೂಜಿ ನಿಮ್ಮ ಕೈಗೂ ಬರುತ್ತದೆ.

2022ರಲ್ಲಿ ವಾರಾಣಸಿಯಿಂದ ಒಂದು ಸುದ್ದಿ ಬಂದಿತ್ತು. ಅಗ್ಗದ ಹಚ್ಚೆ ಹಾಕಿಸಿಕೊಂಡ ಕೆಲವರಿಗೆ ಎಚ್.ಐ.ವಿ. ಸೋಂಕು ಕಂಡುಬಂತು, ಒಂದೇ ಸೂಜಿ ಹಲವರಿಗೆ ಬಳಸಿದ್ದೇ ಕಾರಣವೆಂದು ಅಲ್ಲಿನ ವೈದ್ಯರು ಶಂಕಿಸಿದ್ದಾರೆ ಎಂದು ಪತ್ರಿಕೆಗಳು ಬರೆದವು. ಅದಕ್ಕಿಂತ ಸುಲಭವಾಗಿ ಹರಡುವುದು ಹೆಪಟೈಟಿಸ್ ಬಿ, ಅಂದರೆ ಪಿತ್ತಕೋಶಕ್ಕಲ್ಲ, ಯಕೃತ್ತಿಗೇ ಏಟು ಕೊಡುವ ಕಾಮಾಲೆ. ಅದರ ವೈರಾಣು ಒಣಗಿದ ರಕ್ತದಲ್ಲೂ ಏಳು ದಿನ ಬದುಕಿರಬಲ್ಲದು. ಸೋಮವಾರದ ಗಿರಾಕಿಯ ರಕ್ತ ಶನಿವಾರದ ಗಿರಾಕಿಗೆ ಕಾದು ಕೂತಿರುತ್ತದೆ ಅಂದ ಹಾಗಾಯಿತು! ಇದಕ್ಕೆ ಲಸಿಕೆ ಇದೆ. ಆದರೆ ಮಕ್ಕಳ ಸರಕಾರಿ ಲಸಿಕೆಯಲ್ಲಿ ಅದು ದೇಶಕ್ಕೆಲ್ಲ ಬಂದದ್ದು 2011ರ ಹೊತ್ತಿಗೆ. ಅದಕ್ಕೂ ಮುಂಚೆ ಹುಟ್ಟಿದ ಹಲವರಿಗೆ, ಅಂದರೆ ಈಗ ಹಚ್ಚೆಗೆ ಓಡುವ ವಯಸ್ಸಿನವರಿಗೇ, ಅದು ಸಿಕ್ಕಿರಲಾರದು.

“ಸ್ಪಿರಿಟಿನಲ್ಲಿ ಒರೆಸ್ತೇನಲ್ಲ” ಅಂತ ಹಚ್ಚೆಯವ ಹೇಳಿದರೆ ಎದ್ದು ಬನ್ನಿ. ಒರೆಸಿದರೆ ಸಾಲದು, ದೀಪದ ಉರಿಗೆ ಹಿಡಿದರೂ ಸಾಲದು. ಮಶಿನಿನ ಲೋಹದ ಭಾಗ ಶುದ್ಧವಾಗಬೇಕಾದರೆ ಕುಕ್ಕರಿನಂಥ ಯಂತ್ರದಲ್ಲಿ ಒತ್ತಡದ ಉಗಿಗೆ, 121 ಡಿಗ್ರಿ ಶಾಖದಲ್ಲಿ ಕನಿಷ್ಠ 15 ನಿಮಿಷ ಬೇಯಬೇಕು. ಆಸ್ಪತ್ರೆಯವರು ಅದನ್ನು ಆಟೋಕ್ಲೇವ್ ಅನ್ನುತ್ತಾರೆ. ಸೂಜಿಯಂತೂ ಒಬ್ಬನಿಗೆ ಒಂದೇ ಸಲ.

ಕೊಳೆಮದ್ದಿನ ಲೆಕ್ಕ

ನಮ್ಮ ತೋಟಿಗರು ಅಡಿಕೆಗೆ ಮದ್ದು ಹೊಡೆಸುವಾಗ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಅಂತ ಲೆಕ್ಕ ಇಟ್ಟಿದ್ದಾರೆ. ಕೈ ಬಿಗಿಯಾದ ವರ್ಷ ಬೇರೆ ಖರ್ಚು ಕಡಿಮೆ ಮಾಡುತ್ತಾರೆ, ಮದ್ದನ್ನು ತೆಳ್ಳಗೆ ಮಾಡುವುದಿಲ್ಲ. ಮಾಡಿದವನ ತೋಟದಲ್ಲಿ ಮಳೆಗಾಲ ಮುಗಿಯುವುದರೊಳಗೆ ಮರದ ಬುಡದಲ್ಲೆಲ್ಲ ಉದುರಿದ ಕೊಳೆಅಡಿಕೆ. ಹಚ್ಚೆಗೂ ಇದೇ ಲೆಕ್ಕ. ಉಳಿಸುವ ಜಾಗ ಬೇರೆ, ಉಳಿಸಬಾರದ ಜಾಗ ಬೇರೆ.

ಉಳಿಸಿ: ಚಿತ್ರದ ಅಳತೆಯಲ್ಲಿ. ಪೇಟೆಯಲ್ಲಿ ಸಾಮಾನ್ಯವಾಗಿ ಇಂಚಿನ ಲೆಕ್ಕ, ತೋಳು ತುಂಬ ಹುಲಿ ಬೇಕೆಂದರೆ ಜೇಬು ಖಾಲಿ. ಉಳಿಸಿ: ಬಣ್ಣದಲ್ಲಿ. ಬರೀ ಕಪ್ಪು ಅಗ್ಗ, ಮುಂದೆ ತೆಗೆಸಬೇಕೆಂದರೂ ಲೇಸರಿಗೆ ಸುಲಭ. ಹಸಿರು, ನೀಲಿ ಹಟಮಾರಿ. ಬಣ್ಣದ ಶಾಯಿಯ ಗುಣವೂ ಯಾರಿಗೆ ಗೊತ್ತು? ಶಾಯಿಯ ಮಾದರಿಗಳಲ್ಲಿ ಆರ್ಸೆನಿಕ್, ಕ್ರೋಮಿಯಂನಂಥ ಲೋಹಗಳು ಸಿಕ್ಕಿವೆ, ಮಾನದಂಡ ಗೊತ್ತುಮಾಡಿ ಎಂದು ಕೇಂದ್ರಕ್ಕೆ ಬರೆಯುತ್ತೇವೆ ಎಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ 2025ರಲ್ಲಿ ಹೇಳಿದ್ದರು. ಐರೋಪ್ಯ ಒಕ್ಕೂಟ 2022ರ ಜನವರಿಯಿಂದಲೇ ಹಚ್ಚೆ ಶಾಯಿಯ ಸಾವಿರಾರು ರಾಸಾಯನಿಕಗಳಿಗೆ ಕಡಿವಾಣ ಹಾಕಿದೆ.

ಉಳಿಸಬೇಡಿ: ಸೂಜಿ, ಕೈಗವಸು, ಶಾಯಿಯಲ್ಲಿ. ಸೂಜಿಯ ಪೊಟ್ಟಣ ನಿಮ್ಮ ಕಣ್ಣೆದುರೇ ಒಡೆಯಬೇಕು. ಕೈಗವಸು ಹಾಕಿದವ ಅದೇ ಕೈಯಲ್ಲಿ ಮೊಬೈಲ್ ಮುಟ್ಟಿದರೆ, ಕೈಗವಸು ಬದಲಿಸು ಅನ್ನಿ. ಮುಖ ಗಂಟಿಕ್ಕಿದನೋ, ಅವನು ನಿಮಗೆ ತಕ್ಕವನಲ್ಲ.

ಕೈಗುಣದ ಪರೀಕ್ಷೆಯೂ ಬೇಕು. ಹಾಕಿದ ದಿನ ಎಲ್ಲ ಹಚ್ಚೆಯೂ ಚಂದ. ಹಾಕಿಸಿಕೊಂಡು ವರ್ಷ ಕಳೆದವರ ಕೈ ತೋರಿಸು ಅಂತ ಕೇಳಿ. ಶಾಯಿ ಚರ್ಮದೊಳಗೆ ಇಳಿಯಬೇಕಾದ್ದು ಒಂದೆರಡು ಮಿಲಿಮೀಟರ್. ಹೆಚ್ಚು ಇಳಿದರೆ ಒದ್ದೆ ಕಾಗದದ ಮೇಲಿನ ಮಸಿಯಂತೆ ಹರಡುತ್ತದೆ. ಕನ್ನಡ ಅಕ್ಷರ ಬರೆಸುವವರಿಗೆ ಇದು ದೊಡ್ಡ ಪ್ರಶ್ನೆ. ನಮ್ಮ ಲಿಪಿ ದುಂಡು, ಒತ್ತಕ್ಷರದ ಹೊಟ್ಟೆ ಚಿಕ್ಕದು. ತೀರ ಸಣ್ಣಗೆ ಬರೆಸಿದರೆ ಕೆಲವು ವರ್ಷಕ್ಕೆ ಎಲ್ಲ ಸೇರಿ ಒಂದು ಕಪ್ಪು ಉಂಡೆ. ಕನ್ನಡ ಓದಲು ಬಾರದವನ ಕೈಗೆ ಸಿಕ್ಕಿ ‘ಧ’ದ ಕೆಳಗಿನ ಗೀಟು ಬಿಟ್ಟುಹೋದರೆ, ಧನಲಕ್ಷ್ಮಿ ಜನ್ಮವಿಡೀ ದನಲಕ್ಷ್ಮಿ! ಕಾಗದದ ಮೇಲೆ ಬರೆಸಿ, ಮನೆಯವರಿಂದ ಓದಿಸಿ, ಆಮೇಲೆ ಕೈ ಕೊಡಿ.

ಸೈನ್ಯಕ್ಕೆ ಸೇರುವ ಆಸೆ ಇರುವ ಹುಡುಗರು ಇನ್ನೂ ಒಂದು ತಿಳಿದಿರಲಿ. ಮೊಣಕೈ ಒಳಬದಿಯಿಂದ ಮಣಿಕಟ್ಟಿನವರೆಗೆ ಮತ್ತು ಅಂಗೈಯ ಹಿಂಬದಿಯಲ್ಲಿ ಬಿಟ್ಟರೆ ಬೇರೆಲ್ಲೂ ಶಾಶ್ವತ ಹಚ್ಚೆಗೆ ಭರ್ತಿಯಲ್ಲಿ ಅವಕಾಶವಿಲ್ಲ. ಬುಡಕಟ್ಟಿನವರ ರೂಢಿಗೆ ಮಾತ್ರ ರಿಯಾಯಿತಿ. ಎದೆಯ ಮೇಲಿನ ಹುಲಿಗಾಗಿ ನೌಕರಿ ಕಳೆದುಕೊಂಡರೆ ಅದಕ್ಕಿಂತ ದುಬಾರಿ ಹಚ್ಚೆ ಯಾವುದು? ಹಾಕಿಸಿಕೊಂಡವರು ಒಂದು ವರ್ಷ ರಕ್ತದಾನ ಮಾಡುವಂತೆಯೂ ಇಲ್ಲ.

ಪರವಾನಗಿ ಯಾರದ್ದು?

“ಒಳ್ಳೆಯವನು ಹುಬ್ಬಳ್ಳಿಯಲ್ಲಿದ್ದಾನೆ, ಬಸ್ ಚಾರ್ಜು ಯಾರು ಕೊಡ್ತಾರೆ?” ಅಂತ ಕೇಳುವವರಿದ್ದಾರೆ. ಹೆಂಗಸರಿಗಂತೂ 2023ರ ಜೂನ್‌ನಿಂದ ‘ಶಕ್ತಿ’ ಯೋಜನೆಯಲ್ಲಿ ಸರಕಾರಿ ಬಸ್ಸು ಪುಕ್ಕಟೆ. ಗಂಡಸರು ಎರಡು ತಿಂಗಳು ಕಾಸು ಕೂಡಿಟ್ಟು ಹೋಗಲಿ. ಸಾಯುವವರೆಗೆ ಉಳಿಯುವ ವಸ್ತುವಿಗೆ ಎರಡು ತಿಂಗಳು ಕಾಯಲಾರದ ಅವಸರ ಎಂಥದ್ದು? ಈಗಾಗಲೇ ಅನುಮಾನದ ಸೂಜಿಗೆ ಕೈ ಕೊಟ್ಟವರು ಹೆದರಿ ಕೂರುವುದೂ ಬೇಡ, ಮುಚ್ಚಿಡುವುದೂ ಬೇಡ. ಸರಕಾರಿ ಆಸ್ಪತ್ರೆಯಲ್ಲಿ ಎಚ್.ಐ.ವಿ. ಪರೀಕ್ಷೆ ಪುಕ್ಕಟೆ, ಹೆಸರು ಗುಟ್ಟಾಗಿರುತ್ತದೆ.

ಆದರೆ ಎಲ್ಲ ಹೊರೆಯನ್ನೂ ಗಿರಾಕಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಎರಡು ವರ್ಷಕ್ಕೊಮ್ಮೆ ಶಿರಸಿಯಲ್ಲಿ ಮಾರಿಕಾಂಬೆಯ ಜಾತ್ರೆ. ಬಿಡ್ಕಿಬೈಲಿನಲ್ಲಿ ದೇವಿ ಗದ್ದುಗೆ ಏರಿದಾಗ ಸೇರುವ ಜನಕ್ಕೆ ಲೆಕ್ಕವಿಲ್ಲ. ಸುತ್ತಿನ ಹಳ್ಳಿಗಳಲ್ಲೂ ಜಾತ್ರೆ, ತೇರು. ಜಾತ್ರೆಯಲ್ಲಿ ತಿಂಡಿಯ ಅಂಗಡಿಗೆ ನೀರು ಶುದ್ಧವೋ ಎಂದು ಕೇಳುವ ನಾವು, ರಕ್ತ ಮುಟ್ಟುವ ಅಂಗಡಿಗೆ ಏನೂ ಕೇಳದಿದ್ದರೆ ಹೇಗೆ? ಜಾಗ ಕೊಡುವವರು ಮೂರು ಷರತ್ತು ಹಾಕಲಿ: ಒಬ್ಬನಿಗೆ ಒಂದು ಸೂಜಿ, ಬಳಸಿದ ಸೂಜಿಗೆ ಗಟ್ಟಿ ಡಬ್ಬಿ, ಹದಿನೆಂಟು ತುಂಬದವರಿಗೆ ಹಚ್ಚೆ ಇಲ್ಲ. ಆರೋಗ್ಯ ಇಲಾಖೆಯವರು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಸುತ್ತು ಹಾಕಲಿ. ಇದಕ್ಕೆ ಹೊಸ ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ, ಮನಸ್ಸು ಬೇಕು.

ಹಚ್ಚೆ ಹಾಕುವವರ ಹೊಟ್ಟೆಯ ಮೇಲೆ ಹೊಡೆಯುವ ಮಾತಲ್ಲ ಇದು. ಅಲೆದಾಡಿ ದುಡಿಯುವ ಬಡವರು ಅವರಲ್ಲಿ ಬಹಳ ಮಂದಿ. ನಿಯಮ ಪಾಲಿಸುವವನಿಗೆ ನಾಲ್ಕು ಕಾಸು ಹೆಚ್ಚು ಕೊಡುವ ಗಿರಾಕಿ ಬಂದರೆ ಅವನೂ ಬದುಕುತ್ತಾನೆ, ನಿಮ್ಮ ಯಕೃತ್ತೂ ಬದುಕುತ್ತದೆ. ಸತ್ತಾಗ ಒಡವೆ ಕಳಚಿಕೊಳ್ಳುತ್ತಾರೆ, ಜೊತೆಗೆ ಬರುವುದು ಹಚ್ಚೆ ಒಂದೇ ಅಂತ ಹಳಬರು ಹೇಳುತ್ತಿದ್ದರು. ಬರಲಿ. ಆದರೆ ನಮ್ಮನ್ನು ಅದೇ ಬೇಗ ಕರೆದುಕೊಂಡು ಹೋಗುವಂತಾಗಬಾರದು.