ನಗರ ಗೆದ್ದವರು ಕಲಿಯದ ಪಾಠ

2003ರ ಆಗಸ್ಟ್‌ನಲ್ಲಿ ಅಮೆರಿಕದ ಪೆಂಟಗಾನ್‌ನಲ್ಲಿ ಒಂದು ಹಳೆಯ ಸಿನಿಮಾ ತೋರಿಸಲಾಯಿತು. 1966ರ 'ದಿ ಬ್ಯಾಟಲ್ ಆಫ್ ಅಲ್ಜೀರ್ಸ್'. ಬಗ್ದಾದ್ ಕೈವಶವಾಗಿ ನಾಲ್ಕು ತಿಂಗಳಾಗಿತ್ತು, ಇರಾಕಿನ ಬೀದಿಗಳಲ್ಲಿ ಪ್ರತಿರೋಧ ಹೆಡೆಯೆತ್ತಿತ್ತು. ಪಾಠ ಕಲಿಯಲೆಂದೇ ಅಧಿಕಾರಿಗಳು ಕುಳಿತಿದ್ದರು. ಕಲಿತದ್ದೇನು?

ಸಿನಿಮಾದ ಹಿಂದಿನ ಇತಿಹಾಸ ಇಷ್ಟು. 1957ರ ಜನವರಿಯಲ್ಲಿ ಫ್ರಾನ್ಸ್, ತನ್ನ ವಸಾಹತಾಗಿದ್ದ ಅಲ್ಜೀರಿಯಾದ ರಾಜಧಾನಿಯನ್ನು ಜನರಲ್ ಮಸ್ಸೂನ ಪ್ಯಾರಾಟ್ರೂಪ್ ಪಡೆಗೆ ಒಪ್ಪಿಸಿತು. ಕಸ್ಬಾದ ಓಣಿಗಳಿಗೆ ಮುಳ್ಳುತಂತಿ ಬಿತ್ತು. ವಿದ್ಯುತ್ ಶಾಕ್ ಕೊಡುವುದು, ನೀರಲ್ಲಿ ಮುಳುಗಿಸುವುದು ವಿಚಾರಣೆಯ ವಿಧಾನಗಳಾದವು. ಅಕ್ಟೋಬರ್ ಹೊತ್ತಿಗೆ ಬಂಡುಕೋರರ ಜಾಲ ನುಚ್ಚುನೂರಾಯಿತು. ಸೇನೆ ಗೆದ್ದಿತು. ಆದರೆ 1960ರ ಡಿಸೆಂಬರ್‌ನಲ್ಲಿ ಅದೇ ನಗರದ ಜನ ಬೀದಿ ತುಂಬಿದರು. 1962ರಲ್ಲಿ ಫ್ರಾನ್ಸ್ ಗಂಟುಮೂಟೆ ಕಟ್ಟಿತು.

ಕೆಫೆಗಳಲ್ಲಿ ಬಾಂಬಿಟ್ಟು ಅಮಾಯಕರನ್ನು ಕೊಂದದ್ದನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಬಾಂಬಿಟ್ಟವನನ್ನು ಹುಡುಕುವ ನೆಪದಲ್ಲಿ ಇಡೀ ಊರನ್ನೇ ಆರೋಪಿಯಾಗಿಸಿದರೆ, ನಾಳೆ ಆ ಊರಲ್ಲಿ ನಿಮ್ಮ ಪರವಾಗಿ ಸಾಕ್ಷಿ ಹೇಳುವವರು ಯಾರು?

ಸಿನಿಮಾ ನೋಡಿದ ಎಂಟೇ ತಿಂಗಳಿಗೆ ಅಬೂಗುರೈಬ್ ಜೈಲಿನ ಚಿತ್ರಗಳು ಜಗತ್ತಿನ ಮುಂದೆ ಬಂದವು. ಅದೇ ವರ್ಷ ಫಲ್ಲೂಜ ನಗರ ಎರಡು ಬಾರಿ ದಾಳಿಗೀಡಾಯಿತು. ಮಾರ್ಚ್‌ನಲ್ಲಿ ಅಲ್ಲಿ ನಾಲ್ವರು ಅಮೆರಿಕನ್ ಗುತ್ತಿಗೆ ಕಾವಲುಗಾರರನ್ನು ಕೊಂದು ಶವಗಳನ್ನು ಸೇತುವೆಗೆ ನೇತುಹಾಕಿದ್ದು ಹೇಯ ಕೃತ್ಯವೇ. ಅದಕ್ಕೆ ತೆತ್ತದ್ದು ಮಾತ್ರ ಇಡೀ ನಗರ. ನವೆಂಬರ್‌ನ ದಾಳಿಯಲ್ಲಿ ಬಿಳಿ ರಂಜಕವನ್ನು ಅಸ್ತ್ರವಾಗಿ ಬಳಸಿದ್ದನ್ನು 2005ರಲ್ಲಿ ಪೆಂಟಗಾನ್ ತಾನೇ ಒಪ್ಪಿಕೊಂಡಿತು. ಇಲ್ಲಿಯೂ ಸೇನೆ ಗೆದ್ದಿತು. 2014ರ ಜನವರಿಯಲ್ಲಿ ಅದೇ ಫಲ್ಲೂಜದಲ್ಲಿ ಐಸಿಸ್‌ನ ಬಾವುಟ ಹಾರಿತು!

2006ರ ಡಿಸೆಂಬರ್‌ನಲ್ಲಿ ಅಮೆರಿಕದ ಸೇನೆ ಬಂಡಾಯ ನಿಗ್ರಹಕ್ಕೆ ಹೊಸ ಕೈಪಿಡಿ ಹೊರತಂದಿತು. ಜನರನ್ನು ರಕ್ಷಿಸಿರಿ, ಅವರ ವಿಶ್ವಾಸ ಗಳಿಸಿರಿ ಎಂಬುದು ಅದರ ಸಾರ. ಒಳ್ಳೆಯ ಮಾತು. ಆದರೆ ಪರರ ನಾಡನ್ನು ಹೇಗೆ ಹಿಡಿದಿಟ್ಟುಕೊಳ್ಳಬೇಕೆಂದು ಕಲಿಸುವವರು, ಅಲ್ಲಿಗೆ ಏಕೆ ಹೋದೆವೆಂದು ಕೇಳಿಕೊಳ್ಳುವುದಿಲ್ಲ. ಸೇನಾ ಶಾಲೆಗಳ ಪಾಠಗಳಲ್ಲಿ ಬೀದಿ, ಮಾಳಿಗೆ, ಸುರಂಗಗಳೆಲ್ಲ ಇರುತ್ತವೆ. ಮನೆಯೊಳಗಿನವರು ಮಾತ್ರ ಇರುವುದಿಲ್ಲ.

ನಿಜವಾದ ಪಾಠ ಮೊದಲೇ ಅವರ ಬಾಗಿಲಿಗೆ ಬಂದಿತ್ತು. 2003ರ ಏಪ್ರಿಲ್ 28ರ ರಾತ್ರಿ, ಫಲ್ಲೂಜದ ಶಾಲೆಯೊಂದರಲ್ಲಿ ಬೀಡುಬಿಟ್ಟಿದ್ದ ಸೈನಿಕರಿಗೆ ಶಾಲೆ ಬಿಟ್ಟುಕೊಡಿ ಎಂದು ಹೇಳಲು ಜನ ಬಂದಿದ್ದರು. ಗುಂಡು ಹಾರಿತು. ಮೊದಲು ಗುಂಡು ಹಾರಿದ್ದು ಗುಂಪಿನಿಂದ ಎಂದು ಸೇನೆ ಹೇಳಿತು. ಹ್ಯೂಮನ್ ರೈಟ್ಸ್ ವಾಚ್ 17 ಸಾವುಗಳನ್ನು ದಾಖಲಿಸಿತು.

ಅಂದು ಶಾಲೆ ಖಾಲಿ ಮಾಡಿ ಹೊರಟಿದ್ದರೆ, ಮುಂದೆ ಕೈಪಿಡಿ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲವೇನೋ.