ಪಾಳಿ ಪ್ಲೇಸ್‌ಮೆಂಟಿಗೆ ಬರುತ್ತಾ?

ಬರಲ್ಲ. ಆದರೂ ನಮ್ಮಂಥ ಎಂಜಿನಿಯರಿಂಗ್ ಹುಡುಗರು ಪಾಳಿ ಕಲಿಯಬೇಕು ಅಂತೀನಿ.

ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಅಶೋಕನ ಶಾಸನವನ್ನು ಪತ್ತೆ ಮಾಡಿದ ಸಿ. ಬೀಡನ್ ಇತಿಹಾಸದ ಮೇಷ್ಟ್ರಲ್ಲ, ಚಿನ್ನದ ಗಣಿಯ ಎಂಜಿನಿಯರ್. ಹೆಚ್ಚಿನ ಶಾಸನಗಳಲ್ಲಿ ರಾಜನಿಗೆ ‘ದೇವಾನಂಪಿಯ’, ‘ಪಿಯದಸಿ’ ಅನ್ನೋ ಬಿರುದುಗಳು ಮಾತ್ರ ಇವೆ. ಮಸ್ಕಿಯ ಬಂಡೆ ಮೇಲೆ ‘ಅಸೋಕ’ ಅನ್ನೋ ಹೆಸರೇ ಇದೆ.

ಪಿಯದಸಿ ಅಂದ್ರೆ ಅಶೋಕನೇ ಅನ್ನೋ ಸುಳಿವು ಅದಕ್ಕೂ ಮೊದಲೇ ಸಿಕ್ಕಿತ್ತು. 1837ರಲ್ಲಿ ಬ್ರಾಹ್ಮಿ ಲಿಪಿಯ ಗುಟ್ಟು ಬಿಡಿಸಿದ ಜೇಮ್ಸ್ ಪ್ರಿನ್ಸೆಪ್ ಕಲ್ಕತ್ತಾ ಟಂಕಸಾಲೆಯಲ್ಲಿದ್ದವರು. ಅಕ್ಷರ ಓದಿದರೂ ಈ ರಾಜ ಯಾರು ಅಂತ ಅವರಿಗೆ ತಿಳಿದಿರಲಿಲ್ಲ. ಉತ್ತರ ಬಂದಿದ್ದು ಶ್ರೀಲಂಕಾದ ಪಾಳಿ ಗ್ರಂಥಗಳಿಂದ. ಅವನ್ನು ಓದಿ ತಿಳಿಸಿದ ಜಾರ್ಜ್ ಟರ್ನರ್ ಅಲ್ಲಿನ ಸರ್ಕಾರಿ ಅಧಿಕಾರಿ. ನಮ್ಮ ಕಲ್ಲಿಗೆ ಕೀಲಿಕೈ ಪಾಳಿಯಲ್ಲಿತ್ತು!

ಇವತ್ತಿಗೂ ಅದು ಬೇಕು. ಕಲಬುರಗಿ ಜಿಲ್ಲೆಯ ಸನ್ನತಿ ಹತ್ತಿರದ ಕನಗನಹಳ್ಳಿ ಸ್ತೂಪದಲ್ಲಿ ರಾಣಿಯ ಜೊತೆ ನಿಂತ ಅಶೋಕನ ಶಿಲ್ಪ ಇದೆ, ಮೇಲೆ ‘ರಾಯ ಅಸೋಕೋ’ ಅಂತ ಬರೆದಿದೆ. ಆ ಭಾಷೆ ಪ್ರಾಕೃತ, ಪಾಳಿಗೆ ತೀರ ಹತ್ತಿರದ್ದು. ಅಲ್ಲಿನ ಶಿಲ್ಪಗಳಲ್ಲಿ ಬೋಧಿವೃಕ್ಷ, ಪಾದ, ಚಕ್ರ ಕಾಣಿಸುತ್ತವೆ. ಗೊತ್ತಿಲ್ಲದವರಿಗೆ ಚಕ್ರ ಬರೀ ಡಿಸೈನ್. ಗೊತ್ತಿದ್ದವರಿಗೆ ಅದು ಸಾರನಾಥದಲ್ಲಿ ಬುದ್ಧ ಮಾಡಿದ ಮೊದಲ ಉಪದೇಶ. ಆ ಉಪದೇಶದ ಪಾಳಿ ಹೆಸರೇ ‘ಧಮ್ಮಚಕ್ಕಪ್ಪವತ್ತನ ಸುತ್ತ’, ಅಂದರೆ ಧರ್ಮದ ಚಕ್ರ ಉರುಳಿಸಿದ ಮಾತು.

“ಮೊದಲು ಕನ್ನಡ ನೆಟ್ಟಗೆ ಕಲಿಯಿರಿ, ಪಾಳಿ ಆಮೇಲೆ” ಅನ್ನೋರೂ ಇದ್ದಾರೆ. ಆ ಮಾತು ನನ್ನಂಥ ಇಂಗ್ಲಿಷ್ ಮೀಡಿಯಂನವರಿಗೆ ಸರಿಯಾಗೇ ನಾಟುತ್ತೆ. ಆದರೆ ಶಾಲೆಯಲ್ಲಿ ಮಾರ್ಕಿಗಾಗಿ ಬಾಯಿಪಾಠ ಮಾಡಿದ ತತ್ಸಮ-ತದ್ಭವ ನೆನಪಿಸಿಕೊಳ್ಳಿ: ಸ್ವರ್ಗ-ಸಗ್ಗ, ಆಶ್ಚರ್ಯ-ಅಚ್ಚರಿ, ಶರ್ಕರಾ-ಸಕ್ಕರೆ. ಪಾಳಿಯಲ್ಲಿ ಇವು ಸಗ್ಗ, ಅಚ್ಛರಿಯ, ಸಕ್ಖರಾ. ನಾವು ‘ಅಪಭ್ರಂಶ’ ಅಂತ ಮೂಗು ಮುರಿಯೋ ರೂಪಗಳಲ್ಲೇ ಒಂದು ಕಾಲದಲ್ಲಿ ಜನ ಧರ್ಮ, ದುಃಖ, ಬಿಡುಗಡೆಯ ಬಗ್ಗೆ ಯೋಚಿಸಿದ್ದರು. ಪಾಳಿ ಓದಿದರೆ ಕನ್ನಡವೇ ಇನ್ನಷ್ಟು ಅರ್ಥವಾಗುತ್ತೆ.

ಲಿಪಿಯ ನೆಪವೂ ಇಲ್ಲ. ಪಾಳಿಗೆ ತನ್ನದೇ ಅಂತ ಒಂದು ಲಿಪಿ ಇಲ್ಲ. ಸಿಂಹಳೀಯರು, ಥಾಯ್‌ಗಳು, ಬರ್ಮೀಯರು ತಂತಮ್ಮ ಲಿಪಿಯಲ್ಲಿ ಬರೆದುಕೊಂಡರು. ಕನ್ನಡ ಲಿಪಿಯಲ್ಲೂ ತಿಪಿಟಕ ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತೆ.

2024ರಲ್ಲಿ ಕೇಂದ್ರ ಸರ್ಕಾರ ಪಾಳಿಗೆ ಶಾಸ್ತ್ರೀಯ ಸ್ಥಾನ ಕೊಟ್ಟಿತು. ಸ್ಥಾನ ಸಿಕ್ಕ ಮಾತ್ರಕ್ಕೆ ಓದುವವರು ಹುಟ್ಟಲ್ಲ, ಕನ್ನಡದ ಅನುಭವ ನಮಗಿದೆ. ಹಾಗಾಗಿ ನಮ್ಮ ಕನ್ನಡ ಸಂಘಕ್ಕೆ ನನ್ನ ಬೇಡಿಕೆ ಚಿಕ್ಕದು: ವಾರಕ್ಕೆ ಒಂದು ಗಂಟೆ ಪಾಳಿ, ಜೊತೆಗೆ ಬ್ರಾಹ್ಮಿ ಅಕ್ಷರ, ಸೆಮಿಸ್ಟರ್ ಕೊನೆಗೆ ಸನ್ನತಿ-ಮಸ್ಕಿ ಪ್ರವಾಸ. ಗಣಿ ಎಂಜಿನಿಯರೊಬ್ಬರು ಹುಡುಕಿಕೊಟ್ಟ ಕಲ್ಲನ್ನು ಕನ್ನಡದ ಎಂಜಿನಿಯರುಗಳು ಓದಲಿ.