ಕಡಲಲ್ಲಿಟ್ಟ ಠೇವಣಿ

ಮಕ್ಕಳೇ, ಜೂನ್ ಮತ್ತು ಜುಲೈ ತಿಂಗಳಲ್ಲಿ ನಮ್ಮ ಕರಾವಳಿಯ ಯಾಂತ್ರಿಕ ದೋಣಿಗಳು ದಡದಲ್ಲೇ ಇರುವುದನ್ನು ನೋಡಿದ್ದೀರಿ. ಮೀನು ಮರಿ ಮಾಡುವ ಕಾಲವೆಂದು ಸರಕಾರ ಮೀನುಗಾರಿಕೆಗೆ ತಡೆ ಹಾಕಿರುತ್ತದೆ. "ಅಜ್ಜಾ, ಸರಕಾರ ಹೇಳದಿದ್ದರೂ ಯಾರಾದರೂ ತಾವಾಗಿ ನಿಲ್ಲಿಸುತ್ತಾರಾ?" ಎಂದು ಮೊಮ್ಮಗಳು ಕೇಳಿದಳು.

ನಿಲ್ಲಿಸಿದವರಿದ್ದಾರೆ. ಅಟ್ಲಾಸ್ ತೆಗೆದು ಆಫ್ರಿಕಾದ ಪಕ್ಕದ ಮಡಗಾಸ್ಕರ್ ದ್ವೀಪವನ್ನು ಹುಡುಕಿ. ಅದರ ನೈಋತ್ಯ ಕಡಲಂಚಿನಲ್ಲಿ ಆಂಡವಡೋಕ ಎಂಬ ಹಳ್ಳಿಯಿದೆ. ಅಲ್ಲಿನವರು ವೇಜೊ ಜನ, ಕಡಲನ್ನೇ ನಂಬಿದವರು. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ನೀರು ಚೆನ್ನಾಗಿ ಇಳಿದಾಗ ಹೆಂಗಸರು ಹವಳದ ದಿಣ್ಣೆಗಳ ಮೇಲೆ ನಡೆದುಹೋಗುತ್ತಾರೆ. ಪೊಟರೆಗಳಲ್ಲಿ ಅಡಗಿದ ಆಕ್ಟೋಪಸ್ಸನ್ನು, ಅಂದರೆ ಎಂಟು ತೋಳಿನ ಅಷ್ಟಪದಿಯನ್ನು, ಕೋಲಿನಿಂದ ತಿವಿದು ಹಿಡಿಯುತ್ತಾರೆ. ಹೊರದೇಶಕ್ಕೆ ಮಾರಾಟ ಶುರುವಾದ ಮೇಲೆ ಹಿಡಿಯುವವರು ಹೆಚ್ಚಿದರು, ಸಿಗುವುದು ಸಣ್ಣದಾಯಿತು.

2004ರಲ್ಲಿ ಊರವರು ಬ್ಲೂ ವೆಂಚರ್ಸ್ ಎಂಬ ಸಂಸ್ಥೆಯೊಡನೆ ಕೂತು ಮಾತಾಡಿದರು. ನೋಸಿ ಫಾಸಿ ಎಂಬ ಪುಟ್ಟ ದ್ವೀಪದ ಸುತ್ತಲಿನ ದಿಣ್ಣೆಯಲ್ಲಿ ಏಳು ತಿಂಗಳು ಯಾರೂ ಅಷ್ಟಪದಿ ಹಿಡಿಯಬಾರದೆಂದು ಗೊತ್ತುಮಾಡಿದರು.

ಬ್ಯಾಂಕಿನಲ್ಲಿ ದುಡಿದ ನನಗೆ ಇದು ಥೇಟ್ ಎಫ್.ಡಿ. ಎಳೆಯ ಅಷ್ಟಪದಿಯ ತೂಕ ಒಂದೆರಡು ತಿಂಗಳಲ್ಲೇ ದುಪ್ಪಟ್ಟಾಗುತ್ತದೆ. ಇಂಥ ಬಡ್ಡಿಯನ್ನು ಯಾವ ಬ್ಯಾಂಕೂ ಕೊಟ್ಟಿಲ್ಲ! ಆದರೆ ಅದರ ಆಯುಷ್ಯ ಸುಮಾರು ಒಂದೂವರೆ ವರ್ಷ ಇದ್ದೀತು ಅಷ್ಟೆ. ತಾಯಿ ಮೊಟ್ಟೆಯಿಟ್ಟು, ಉಪವಾಸವಿದ್ದು ಕಾದು, ಮರಿ ಹೊರಬರುವ ಹೊತ್ತಿಗೆ ಸತ್ತುಹೋಗುತ್ತದೆ. ಅವಧಿ ಮೀರಿ ಬಿಟ್ಟರೆ ಬಡ್ಡಿಯಿರಲಿ, ಅಸಲೂ ಕೈಗೆ ಬಾರದು.

2005ರ ಜೂನ್‌ನಲ್ಲಿ ದಿಣ್ಣೆ ತೆರೆದರು. ದೊಡ್ಡ ದೊಡ್ಡ ಅಷ್ಟಪದಿಗಳು ಸಿಕ್ಕವು. ಆದರೆ ಸುದ್ದಿ ಕೇಳಿ ಸುತ್ತಲಿನ ಹಳ್ಳಿಗಳವರೂ ಬಂದಿಳಿದಿದ್ದರು. ಏಳು ತಿಂಗಳು ಕಾದದ್ದು ಕೆಲವೇ ದಿನಗಳಲ್ಲಿ ಬರಿದಾಯಿತು. ಕಾದವರ ಹೊಟ್ಟೆ ಉರಿಯದೇ ಇದ್ದೀತೇ? ಹಾಗೆಂದು ಬಂದವರನ್ನು ಕಳ್ಳರೆನ್ನಲು ನನಗೆ ಮನಸ್ಸಿಲ್ಲ. ಕಡಲು ಅವರದೂ ಹೌದು, ಗೊತ್ತುಮಾಡುವಾಗ ಅವರನ್ನು ಕೇಳಿರಲಿಲ್ಲ.

ಮುಂದೆ ಹಳ್ಳಿಗಳೆಲ್ಲ ಸೇರಿಕೊಂಡವು. 2006ರಲ್ಲಿ ಸುಮಾರು ಇಪ್ಪತ್ತೈದು ಹಳ್ಳಿಗಳ ಕೂಟವಾಯಿತು. ಹೆಸರು ವೆಲೊಂಡ್ರಿಯಾಕೆ, ಅಂದರೆ ಕಡಲಿನೊಡನೆ ಬಾಳುವುದು. ಈಗ ಎಲ್ಲವನ್ನೂ ಮುಚ್ಚುವುದಿಲ್ಲ. ಊರಿನ ಅಷ್ಟಪದಿ ಜಾಗದಲ್ಲಿ ಐದರಲ್ಲಿ ಒಂದು ಪಾಲಿನಷ್ಟು, ಅದೂ ಹೆಚ್ಚಾಗಿ ಎರಡು ಮೂರು ತಿಂಗಳು. ದಿನದ ಗಂಜಿಗೆ ಉಳಿದ ಪಾಲು ಇರಬೇಕಲ್ಲ. ದೋಣಿಯಿದ್ದ ಗಂಡಸರು ದೂರ ಹೋದಾರು. ಕಾಲ್ನಡಿಗೆಯ ಹೆಂಗಸರಿಗೆ ಹತ್ತಿರದ ದಿಣ್ಣೆ ಬಿಟ್ಟರೆ ಗತಿಯೇನು? ಯಾವುದನ್ನು ಮುಚ್ಚಬೇಕೆಂಬ ಸಭೆಯಲ್ಲಿ ಅವರೇ ಮೊದಲು ಮಾತಾಡಬೇಕು ಎಂದು ನನ್ನಾಕೆಯ ವಾದ. ನಾನೂ ಒಪ್ಪಿದೆ.

ಅಲ್ಲಿ ಕೆಲವರು ಕಡಲ ಸೌತೆಯನ್ನೂ ಸಾಕುತ್ತಾರೆ. ಅದು ತರಕಾರಿಯಲ್ಲ, ಮರಳಲ್ಲಿ ಹುದುಗಿರುವ ಮೆತ್ತನೆಯ ಪ್ರಾಣಿ. ತೀರದ ಆಳವಿಲ್ಲದ ನೀರಿನಲ್ಲಿ ಬೇಲಿ ಕಟ್ಟಿ ಮರಿ ಬಿಡುತ್ತಾರೆ. ಅದು ಹೊರಬರುವುದು ಇರುಳಿನಲ್ಲಿ, ಆದ್ದರಿಂದ ಕಾವಲೂ ಇರುಳಿನಲ್ಲೇ.

"ಮುಚ್ಚಿದ ದಿಣ್ಣೆಗೂ ಕಳ್ಳರು ಬರುವುದಿಲ್ವಾ ಅಜ್ಜಾ?" ಎಂದಳು ಮೊಮ್ಮಗಳು.

ಬರುತ್ತಾರೆ. ಅದಕ್ಕೆಂದೇ ಊರವರು ತಾವೇ ಮಾಡಿಕೊಂಡ ಕಟ್ಟಳೆಯಿದೆ. ಅದನ್ನು 'ದಿನ' ಎನ್ನುತ್ತಾರೆ, ನಮ್ಮ ದಿನವಲ್ಲ. ತಪ್ಪಿದವರಿಗೆ ದಂಡ. ಆದರೆ ದಂಡ ಹಾಕುವವನೂ ಕಟ್ಟುವವನೂ ಒಂದೇ ಊರಿನವರು, ಎಷ್ಟೋ ಸಲ ನೆಂಟರು. ನಾಳೆ ಮದುವೆಯೂಟದಲ್ಲಿ ಪಕ್ಕದಲ್ಲೇ ಕೂರಬೇಕು.